ಸುಮ್ನ ಕ್ಯಾಂಪ್

ಮೂವತ್ತೆರಡು ವರ್ಷ ನಾನು ಕ್ಯಾಂಪ್ ಮಾಡಿದವಳು. ಕಣ್ಣಿನ ಕ್ಯಾಂಪ್, ಪೋಲಿಯೋ ಕ್ಯಾಂಪ್, ಆಪರೇಷನ್ ಕ್ಯಾಂಪ್, ರಕ್ತದ ಕ್ಯಾಂಪ್. ಒಮ್ಮೆ ಹಲ್ಲಿನ ಡಾಕ್ಟರು ಬಾರದೆ, ಬೇವಿನ ಕಡ್ಡಿಯ ಮೇಲೆ ನಾನೇ ಭಾಷಣ ಮಾಡಿ ಕ್ಯಾಂಪ್ ಮುಗಿಸಿದ್ದೂ ಉಂಟು. ಹಾನಗಲ್ ಸೀಮೆಯ ಹತ್ತು ಹಳ್ಳಿಯಲ್ಲಿ ಸವಿತಾ ಯಾರು ಅಂತ ಕೇಳಿದರೆ ತಲೆ ಕೆರೆದುಕೊಳ್ಳುತ್ತಾರೆ, ಸಿಸ್ಟರ್ ಅಂದರೆ ತೊಟ್ಟಿಲ ಕೂಸೂ ಅಳಲು ಶುರುಮಾಡುತ್ತದೆ. ನಿವೃತ್ತಿಯ ದಿನ ಒಂದು ಶಾಲು, ಒಂದು ಹಾರ, ಒಂದು ಗೋಡೆ ಗಡಿಯಾರ ಕೊಟ್ಟರು. ಗಡಿಯಾರ ವಾರಕ್ಕೇ ನಿಂತಿತು. ನನ್ನ ಸಂಗಡ ಗಟ್ಟಿಯಾಗಿ ಬಂದದ್ದು ಜಾಣ ಒಂದೇ.

ಜಾಣ ನನ್ನ ನಾಯಿ. ನಮ್ಮ ಉಪಕೇಂದ್ರದ ಅಂಗಳದಲ್ಲಿ ಹುಟ್ಟಿದ ಊರ ನಾಯಿ, ಕಂದು ಬಣ್ಣ, ಒಂದು ಕಿವಿ ನಿಂತದ್ದು, ಒಂದು ಬಿದ್ದದ್ದು. ಕಣ್ಣು ತೆರೆದಾಗಿನಿಂದ ಅದು ಕಂಡದ್ದೇ ಬಾಣಂತಿಯರು, ಮಲಗಿದ ಕೂಸುಗಳು, ಸಾಲು ಹಿಡಿದ ಜನ. ಬೊಗಳಿದರೆ "ಶ್! ಕೂಸು ಎದ್ದೀತು" ಅನ್ನುತ್ತಿದ್ದೆ, ಬೊಗಳುವುದನ್ನೇ ಬಿಟ್ಟಿತು. ಜನ ನುಗ್ಗಿದಾಗ "ಕುಂದರ್ರಿ" ಅಂತ ಗದರುತ್ತಿದ್ದೆ. ಜನ ಕೂಡುತ್ತಿರಲಿಲ್ಲ, ಜಾಣ ಕೂಡುತ್ತಿತ್ತು. ಯಾರಿಗಾದರೂ ಸೂಜಿ ಹಾಕುವಾಗ ಮುಖ ಆಚೆ ಹೊರಳಿಸಿಕೊಳ್ಳುತ್ತಿತ್ತು. ಅಷ್ಟು ಮರ್ಯಾದೆ ಎಷ್ಟೋ ಓದಿದವರಿಗೆ ಇರುವುದಿಲ್ಲ.

ನನಗೆ ಗಂಡನಿಲ್ಲ, ಮಕ್ಕಳಿಲ್ಲ. ಇದ್ದದ್ದು ಒಂದು ಕ್ವಾರ್ಟರ್ಸು, ಅದನ್ನು ಬಿಟ್ಟು ಹಾನಗಲ್ಲಿನಲ್ಲಿ ಅಣ್ಣನ ಮನೆ ಸೇರಿದೆ. ಅಣ್ಣ ಶಿದ್ಲಿಂಗಪ್ಪನಿಗೆ ಹತ್ತು ವರ್ಷದಿಂದ ಒಂದೇ ಕಾಯಿಲೆ, ತಾಲ್ಲೂಕು ಪಂಚಾಯ್ತಿ ಟಿಕೆಟ್ಟು. ಅದಕ್ಕೆ ನನ್ನ ಹತ್ತಿರ ಸೂಜಿ ಇರಲಿಲ್ಲ. ಜಾಣ ಹೊಸ್ತಿಲ ಹತ್ತಿರ ಬಂದು ಕೂತ ದಿನವೇ ತಕರಾರು ತೆಗೆದ.

"ದೊಡ್ಡ ದೊಡ್ಡ ಮಂದಿ ಬಂದು ಹೋಗೋ ಮನಿ ಇದು. ನಾಯಿ ಇಲ್ಲಿ ಬ್ಯಾಡ. ಹಿರೇಕೆರೂರ ಕಡೆ ಹೊಲದಾಗ ಕಟ್ಟಿ ಹಾಕಸ್ತೇನಿ."

"ಅದು ಯಾರ ಮ್ಯಾಲೂ ಬಾಯಿ ಮಾಡಂಗಿಲ್ಲಣ್ಣಾ."

"ಮನ್ಯಾಗ ಎಲ್ಲಾ ನಾಯಿನೂ ಶ್ಯಾಣ್ಯಾನ. ಮಂದಿ ಕೂಡಿದಲ್ಲಿ ಹೆಂಗ ಇರ್ತೈತಿ, ಅದನ್ನ ನೋಡಬೇಕು."

ಹಿಂದಿನ ವರ್ಷ ಆ ಹೊಲದಲ್ಲಿ ಕಟ್ಟಿದ್ದ ನಾಯಿ ಮೂರು ತಿಂಗಳು ಬಾಳಿರಲಿಲ್ಲ. ಜಾಣನಿಗೆ ಆಗಲೇ ಒಂಬತ್ತು ವರ್ಷ. ಆದರೆ ಅಣ್ಣನಿಗೆ ಎದುರಾಡಿ ನನಗೆ ರೂಢಿಯಿಲ್ಲ.

ದಾರಿ ತೋರಿಸಿದವಳು ಫರ್ಜಾನಾ. ಸವಣೂರಿನವಳು, ನನ್ನ ಕೈಕೆಳಗೆ ಹದಿನೆಂಟು ವರ್ಷ ಆಯಾ ಆಗಿ ದುಡಿದವಳು. ಹೆಸರಿಗೆ ಕೈಕೆಳಗೆ, ನಿಜವಾಗಿ ನನ್ನ ತಲೆಯ ಮೇಲೆ. ಅವಳು ಮೊಬೈಲಿನಲ್ಲಿ ಏನೋ ನೋಡಿಕೊಂಡು ಬಂದಿದ್ದಳು. ಯಾರೋ ಗಂಡಹೆಂಡತಿ ನಾಯಿ ಕಟ್ಟಿಕೊಂಡು ಕೆರೆಯ ದಂಡೆಗೆ ಹೋಗಿ, ಬಟ್ಟೆಯ ಗುಡಾರ ಹಾಕಿ, ಚಹಾ ಕುಡಿದು ಮಲಗಿ ಎದ್ದು ಬರುತ್ತಾರಂತೆ.

"ಇದಕ್ಕೂ ಕ್ಯಾಂಪ್ ಅಂತಾರ್ರಿ ಸಿಸ್ಟರ್. ಸೂಜಿ ಇಲ್ಲ, ರಿಜಿಸ್ಟರ್ ಇಲ್ಲ. ಸುಮ್ನ ಬಿದ್ಕೊಳ್ಳೋದು."

ಸೂಜಿಯಿಲ್ಲದ ಕ್ಯಾಂಪು! ಕೇಳಿಯೇ ನನಗೆ ನಿದ್ದೆ ಬಂದಂತಾಯಿತು. ಅಣ್ಣನ ಮುಂದಿಟ್ಟೆವು. ಅವನು ಮೀಸೆ ಸವರಿದ. "ಆತು. ಆದ್ರ ನಾನೂ ಬರ್ತೇನಿ. ಎರಡು ದಿನದಾಗ ಅದು ಯಾರ ಮ್ಯಾಲರ ಒಂದ ಸರ್ತಿ ಗುರ್ ಅಂದ್ರೂ ಸಾಕು, ಅಲ್ಲಿಂದ ಸೀದಾ ಹೊಲಕ್ಕ. ಅನ್ನಲಿಲ್ಲಂದ್ರ ಮನ್ಯಾಗ ಇರ್ಲಿ." ಜಾಣನ ಪರೀಕ್ಷೆ ಹೀಗೆ ಗೊತ್ತಾಯಿತು.

ಗುಡಾರ ಹೊಲಿದು ಕೊಟ್ಟವನು ಫರ್ಜಾನಾಳ ಗಂಡ ಮುಸ್ತಾಕ. ಅವನದು ಸವಣೂರಿನಲ್ಲಿ ಪೆಂಡಾಲಿನ ವ್ಯಾಪಾರ. ಹಳೆಯ ನೀಲಿ ಬಿಳಿ ಪಟ್ಟೆಯ ಬಟ್ಟೆಯನ್ನು ಕತ್ತರಿಸಿ, ನಾಲ್ಕು ಬಿದಿರು ಕೊಟ್ಟು, ಒಳ್ಳೇ ಗುಡಾರ ಮಾಡಿದ್ದ. ಈ ಸೀಮೆಯ ಯಾವ ಸರಕಾರಿ ಕ್ಯಾಂಪಿಗೂ ಅದೇ ನೀಲಿ ಬಿಳಿ ಬಟ್ಟೆಯೇ ನೆರಳು ಅನ್ನುವುದು ನನಗಾಗಲಿ ಅವನಿಗಾಗಲಿ ಹೊಳೆಯಲಿಲ್ಲ. ಹೊಳೆಯುವ ಬುದ್ಧಿ ನಮಗಿದ್ದಿದ್ದರೆ ಕಥೆಯೇ ಇರುತ್ತಿರಲಿಲ್ಲ.

ಶನಿವಾರ ಮಧ್ಯಾಹ್ನ ಮುಸ್ತಾಕನ ಟೆಂಪೋ ಹತ್ತಿ ಹೊರಟೆವು. ರೊಟ್ಟಿ, ಶೇಂಗಾ ಚಟ್ನಿ, ಸವಣೂರಿನ ಖಾರಾ, ಎರಡು ಚಾಪೆ, ಒಂದು ಸ್ಟೋ. ಅಣ್ಣ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಮನೆಯಿಂದ ಕೈಯಿರುವ ಪ್ಲಾಸ್ಟಿಕ್ ಕುರ್ಚಿ ಹೇರಿಸಿದ. ನೆಲದ ಮೇಲೆ ಕೂತರೆ ಟಿಕೆಟ್ಟು ತಪ್ಪುತ್ತದೆ ಅನ್ನುವ ಹೆದರಿಕೆ ಅವನಿಗೆ. ಆಡೂರು ದಾಟಿ, ನಾನು ಮೊದಲು ಕೆಲಸ ಮಾಡಿದ ಹಳ್ಳಿಯ ಕೆರೆಯ ದಂಡೆಗೆ ನಮ್ಮನ್ನು ಇಳಿಸಿ, ನಾಳೆ ಬರುತ್ತೇನೆಂದು ಮುಸ್ತಾಕ ಹೋದ.

ಆ ಮಧ್ಯಾಹ್ನ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ಕೆರೆಯ ಮೇಲಿನಿಂದ ತಂಪು ಗಾಳಿ. ಫರ್ಜಾನಾ ಕಾಲು ಚಾಚಿ ಖಾರಾ ಮೆಲ್ಲುತ್ತಿದ್ದಳು. ಜಾಣ ಗುಡಾರದ ಬಾಗಿಲಲ್ಲಿ ಮುಂಗಾಲು ಜೋಡಿಸಿ ಕೂತಿತ್ತು. ಅಣ್ಣ ಕುರ್ಚಿಯ ಮೇಲೆ ಕೂತು, ಕಳ್ಳನನ್ನು ಕಾಯುವ ಫೌಜದಾರನ ಹಾಗೆ ಅದನ್ನೇ ನೋಡುತ್ತಿದ್ದ. ಮೂವತ್ತೆರಡು ವರ್ಷದಲ್ಲಿ ಮೊದಲ ಸಲ ಯಾರೂ ನನ್ನನ್ನು ಏನೂ ಕೇಳಲಿಲ್ಲ. ಹೀಗೇ ಒಂದು ತಾಸು ಕಳೆಯಿತು.

ಆಮೇಲೆ ಹುಚ್ಚವ್ವ ಬಂದಳು. ಆಡು ಕಾಯುವ ಮುದುಕಿ, ನನ್ನ ಕೈಯಲ್ಲೇ ಅವಳ ನಾಲ್ಕು ಮೊಮ್ಮಕ್ಕಳು ಹುಟ್ಟಿದ್ದವು. ಗುಡಾರ ನೋಡಿದಳು, ನನ್ನನ್ನು ನೋಡಿದಳು, ಕಣ್ಣು ಅರಳಿಸಿದಳು.

"ಸಿಸ್ಟರ್! ಯಾವ ಕ್ಯಾಂಪ್ರಿ ಇದು? ಕಣ್ಣಿಂದೇನು?"

"ಅಲ್ಲ ಆಯಿ. ಸುಮ್ನ ಕ್ಯಾಂಪ್."

"ಸುಮ್ನ ಕ್ಯಾಂಪ?"

"ಹೂಂ, ಸುಮ್ನ."

ಅಷ್ಟರಲ್ಲಿ ಅವಳ ಆಡಿನ ಮರಿಯೊಂದು ಜಾಣನ ಬೆನ್ನ ಮೇಲೆ ಹತ್ತಿತು. ಇನ್ನೊಂದು ಅದರ ಬಿದ್ದ ಕಿವಿಯನ್ನು ಎಲೆಯೆಂದು ತಿಳಿದು ಜಗಿಯತೊಡಗಿತು. ಜಾಣ ಒಮ್ಮೆ ನನ್ನ ಮುಖ ನೋಡಿ ಕಣ್ಣು ಮುಚ್ಚಿಕೊಂಡಿತು. ಹುಚ್ಚವ್ವ ಗದ್ದದ ಮೇಲೆ ಬೆರಳಿಟ್ಟಳು. "ಅಯ್ಯ ನಮ್ಮವ್ವ, ಇದ್ಯಾಕ ಹಿಂಗ ಸುಮ್ನ ಕುಂತೈತಿ?"

"ಅದು ಹಂಗ ಆಯಿ. ಸುಮ್ನ ಇರ್ತೈತಿ."

ಮುದುಕಿ ಬಂದದ್ದಕ್ಕಿಂತ ಬೇಗ ಊರ ಕಡೆ ನಡೆದಳು. ಆಡುಗಳು ಅವಳ ಹಿಂದೆ ಓಡಿದವು. ಪಾಪ, ವಯಸ್ಸಾದರೂ ಕಾಲು ಗಟ್ಟಿ ಇವೆ ಅಂದುಕೊಂಡೆ.

ಮರುದಿನ ಬೆಳಿಗ್ಗೆ ಎದ್ದು ಗುಡಾರದ ಪರದೆ ಸರಿಸಿದೆ. ಹೊರಗೆ ಸಾಲು. ಕೆರೆಯ ಏರಿಯ ಮೇಲೆ ಕಣ್ಣು ಹಾಯುವವರೆಗೂ ಜನ, ಪ್ರತಿಯೊಬ್ಬರ ಕೈಯಲ್ಲೊಂದು ನಾಯಿ. ಸೀರೆಯ ಅಂಚಿಗೆ ಕಟ್ಟಿದ ನಾಯಿ, ಸೈಕಲ್ ಟ್ಯೂಬಿಗೆ ಕಟ್ಟಿದ ನಾಯಿ, ಗೊಬ್ಬರದ ಚೀಲದಿಂದ ತಲೆ ಮಾತ್ರ ಹೊರಗಿದ್ದ ನಾಯಿ. ರಾತ್ರಿಯೇ ಬಂದು ಸಾಲಿನಲ್ಲಿ ಚಪ್ಪಲಿ ಇಟ್ಟು ಹೋದವರೂ ಇದ್ದರು. ಮೊದಲನೆಯವಳು ಅಡಿವೆವ್ವ. ಒಂದು ಕರಿಯ ನಾಯಿಯನ್ನು ಎರಡೂ ಕಾಲಿನ ನಡುವೆ ಒತ್ತಿ ಹಿಡಿದುಕೊಂಡಿದ್ದಳು.

"ಲಗೂ ಹಾಕ್ರಿ ಸಿಸ್ಟರ್, ಹಾಲು ಹಿಂಡಾಕ ಹೋಗಬೇಕು."

"ಏನು ಹಾಕಬೇಕು?"

"ಸುಮ್ನಾಗೋ ಸೂಜಿರಿ. ನಿಮ್ಮ ನಾಯಿಗೆ ಹಾಕೀರಂತಲ್ಲ? ಮರಿ ಕಿವಿ ತಿಂದ್ರೂ ಪಿಟಕ್ಕ ಅನ್ನಲಿಲ್ಲಂತ. ಹುಚ್ಚವ್ವ ಕಣ್ಣಾರೆ ನೋಡ್ಯಾಳಂತ."

ಫರ್ಜಾನಾ ನೆಲದ ಮೇಲೆ ಬಿದ್ದು ಬಿದ್ದು ನಕ್ಕಳು. "ಯಾ ಅಲ್ಲಾ, ಸುಮ್ನ ಕ್ಯಾಂಪ್!" ನನಗೆ ನಗು ಬರಲಿಲ್ಲ. ಸೂಜಿ ಇಲ್ಲ, ಔಷಧ ಇಲ್ಲ, ನಾವು ಸುಮ್ಮನೆ ಮಲಗಲು ಬಂದವರು ಅಂತ ಕೈ ಮುಗಿದು ಹೇಳಿದೆ. ಒಬ್ಬರೂ ನಂಬಲಿಲ್ಲ. ಸಿಸ್ಟರ್ ಆದವಳು ಬಯಲಲ್ಲಿ ಸುಮ್ಮನೆ ಮಲಗುವುದುಂಟೇ? ಔಷಧವನ್ನು ತನಗೆ ಬೇಕಾದವರಿಗೆ ಅಂತ ಮುಚ್ಚಿಟ್ಟಿದ್ದಾಳೆ ಅಂತ ಹಿಂದಿನವರು ಗುಸುಗುಸು ಶುರುಮಾಡಿದರು.

ಒಬ್ಬನ ನಾಯಿ ಕರೆಂಟು ಬಿಲ್ಲಿನವನನ್ನು ಕಂಡರೆ ಬೊಗಳುತ್ತದಂತೆ. ಒಬ್ಬಳ ನಾಯಿ, ಗಂಡ ಕುಡಿದು ಬಂದಾಗ ಬೊಗಳಿ ಬೊಗಳಿ ಓಣಿಗೆಲ್ಲ ಡಂಗುರ ಸಾರುತ್ತದಂತೆ. ಅವಳಿಗೆ ಬೇಕಾದದ್ದು ನಾಯಿಗೆ ಸೂಜಿ, ಗಂಡನಿಗಲ್ಲ. ಇನ್ನೊಬ್ಬ ನನ್ನನ್ನು ಗುಡಾರದ ಹಿಂದೆ ಕರೆದು ಮೆಲ್ಲಗೆ ಕೇಳಿದ, "ಸಿಸ್ಟರ್, ಮನುಷ್ಯಾರಿಗೂ ಹಾಕ್ತೀರೇನ್ರಿ? ನಮ್ಮನ್ಯಾಕಿಗೆ ಒಂದು..." ಅವನು ಆ ಕಡೆ ಹೋದ ಮೇಲೆ ಅವನ ಹೆಂಡತಿ ಈ ಕಡೆಯಿಂದ ಬಂದು ಅದನ್ನೇ ಕೇಳಿದಳು. ಇಬ್ಬರೂ ಕೂಡಿ ಬರ್ರಿ, ಒಂದೇ ಸೂಜಿ ಹಂಚುತ್ತೇನೆ ಅಂದೆ. ಸಿಟ್ಟಾಗಿ ಹೋದಳು.

ಎಂಟು ಗಂಟೆಗೆ ಜಗಳ ಹತ್ತಿತು. ಯಾರದೋ ನಾಯಿ ಯಾರದೋ ಸಾಲಿನ ಚಪ್ಪಲಿ ಕಚ್ಚಿಕೊಂಡು ಹೋಗಿತ್ತು, ಚಪ್ಪಲಿಯಿಲ್ಲದವನಿಗೆ ಪಾಳಿಯಿಲ್ಲ ಅಂತ ಹಿಂದಿನವನ ವಾದ. ನಾಯಿಗಳು ಸುಮ್ಮನೆ ನಿಂತು ನೋಡತೊಡಗಿದವು, ಜನ ಬೊಗಳಾಡತೊಡಗಿದರು. ಜಾಣ ಎಲ್ಲಿ ಅಂತ ಹುಡುಕಿದೆ. ಸಾಲಿನ ಕಟ್ಟಕಡೆಗೆ, ಎಲ್ಲರ ಹಿಂದೆ, ತನ್ನ ಪಾಳಿಗಾಗಿ ಕಾಯುತ್ತ ಕೂತಿತ್ತು.

ಆಗ ಅಣ್ಣ ಕುರ್ಚಿಯ ಮೇಲೆ ಎದ್ದು ನಿಂತ. ಮನೆಗೆ ಹೋಗಿ ಅಂತ ಜನರಿಗೆ ಹೇಳುತ್ತಾನೆ ಅಂದುಕೊಂಡೆ. ನನ್ನ ಅಣ್ಣನನ್ನು ಅರವತ್ತು ವರ್ಷದಿಂದ ಬಲ್ಲ ನಾನೂ ಹಾಗಂದುಕೊಂಡೆನಲ್ಲ!

"ಔಷಧ ಬರಾಕತ್ತೈತಿ! ಹನ್ನೊಂದಕ್ಕ ಬರ್ತೈತಿ! ನಮ್ಮ ಅಧ್ಯಕ್ಷರು ಖುದ್ದ ತರಾಕತ್ತಾರ!"

ಜನ ಚಪ್ಪಾಳೆ ಹೊಡೆದರು. ನಾನು ಅವನ ಅಂಗಿ ಜಗ್ಗಿದೆ. "ಅಣ್ಣಾ, ಯಾವ ಔಷಧ? ಎಲ್ಲಿಂದ ಬರ್ತೈತಿ?"

"ಮುನ್ನೂರು ಮಂದಿ ಕೂಡೇತಿ. ಭಾಷಣಕ್ಕ ಕರದ್ರ ಮೂರು ಮಂದಿ ಬರಂಗಿಲ್ಲ. ನೀ ಸುಮ್ನಿರು."

ನಾನು ಸುಮ್ಮನಾದೆ. ನೋಡಿ, ಸೂಜಿಯೇ ಇಲ್ಲದೆ ಸುಮ್ಮನಾದೆ.

ಅಧ್ಯಕ್ಷರು ಅಂದರೆ ಮೈಲಾರಲಿಂಗಪ್ಪ. ಹಿಂದೆ ಯಾವುದೋ ಸೊಸೈಟಿಗೆ ಅಧ್ಯಕ್ಷರಾಗಿದ್ದರು. ಆ ಸೊಸೈಟಿ ಮುಚ್ಚಿ ಹನ್ನೆರಡು ವರ್ಷವಾಯಿತು, ಅಧ್ಯಕ್ಷರು ಮಾತ್ರ ಇನ್ನೂ ಇದ್ದಾರೆ. ಯಾರಿಗೆ ಟಿಕೆಟ್ಟು ಅನ್ನುವುದು ಅವರ ನಾಲಗೆಯ ತುದಿಯಲ್ಲಿದೆ ಅನ್ನುವುದು ಅಣ್ಣನ ನಂಬಿಕೆ. ಸಾಲು ಕಂಡೊಡನೆ ಅವರಿಗೆ ಫೋನ್ ಮಾಡಿಬಿಟ್ಟಿದ್ದ. ಹನ್ನೊಂದಕ್ಕೆ ಅಂದವರು ಹನ್ನೆರಡೂವರೆಗೆ ಜೀಪಿನಲ್ಲಿ ಬಂದರು. ಔಷಧ ತರಲಿಲ್ಲ, ಫ್ಲೆಕ್ಸು ತಂದರು. "ಉಚಿತ ಶ್ವಾನ ಶಾಂತಿ ಶಿಬಿರ" ಅಂತ ದೊಡ್ಡ ಅಕ್ಷರ, ಅಧ್ಯಕ್ಷರ ಚಿತ್ರ ಆಳೆತ್ತರ, ಅಣ್ಣನದು ಗೇಣುದ್ದ, ಮೂಲೆಯಲ್ಲಿ ಜೂಲುಗೂದಲಿನ ಯಾವುದೋ ವಿಲಾಯತಿ ನಾಯಿ. ಕೆಳಗೆ ನನ್ನ ಹೆಸರೂ ಇತ್ತು, "ಸಿಸ್ಟರ್ ಕವಿತಾ" ಅಂತ.

ಅಧ್ಯಕ್ಷರು ಅರ್ಧ ತಾಸು ಮಾತಾಡಿದರು. ಬೊಗಳುವ ನಾಯಿ ಕಚ್ಚುವುದಿಲ್ಲ ಅಂತ ಹಿರಿಯರು ಅಂದಿದ್ದಾರೆ, ನಾವು ಬೊಗಳದ ನಾಯಿಯನ್ನೇ ಕೊಡುತ್ತೇವೆ ಅಂದರು. ಅದರ ಅರ್ಥ ಏನು ಅಂತ ಯಾರೂ ಕೇಳಲಿಲ್ಲ, ಚಪ್ಪಾಳೆ ಬಿತ್ತು. ಇನ್ನು ಉದ್ಘಾಟನೆ. ಮೊದಲ ಸೂಜಿಯನ್ನು ಅಧ್ಯಕ್ಷರೇ ಹಾಕಬೇಕು, ಫೋಟೋ ತೆಗೆಯಬೇಕು.

"ಸೂಜಿ ಎಲ್ಲೈತಿ?" ಅಂತ ಅಧ್ಯಕ್ಷರು ಅಣ್ಣನ ಕಿವಿಯಲ್ಲಿ ಕೇಳಿದರು.

ಅಣ್ಣ ಜೇಬಿನಿಂದ ಬಾಲ್ ಪೆನ್ನು ತೆಗೆದುಕೊಟ್ಟ. "ಫೋಟೋದಾಗ ಯಾರಿಗೆ ಗೊತ್ತಾಗತೈತ್ರಿ?"

ಅಡಿವೆವ್ವನ ನಾಯಿ ಪೆನ್ನು ನೋಡಿದ್ದೇ ಹಲ್ಲು ತೋರಿಸಿತು. ಎರಡನೆಯದು ಗುರ್ ಅಂದಿತು. ಮೂರನೆಯದು ಅಧ್ಯಕ್ಷರ ಧೋತರದ ಚುಂಗು ಹಿಡಿಯಿತು. ಅಣ್ಣ ಓಡಿ ಹೋಗಿ ಸಾಲಿನ ಕೊನೆಯಿಂದ ಜಾಣನನ್ನು ಕರೆತಂದ. ಅಧ್ಯಕ್ಷರು ಅದರ ತೊಡೆಗೆ ಪೆನ್ನು ಒತ್ತಿದರು. ಜಾಣ ರೂಢಿಯಂತೆ ಮುಖ ಆಚೆ ಹೊರಳಿಸಿತು. ಫೋಟೋ ಆಯಿತು, ಇನ್ನೊಂದು ಆಯಿತು, ಮಗ್ಗಲು ಬದಲಿಸಿ ಮತ್ತೊಂದು ಆಯಿತು. ಜಾಣ ಉಸಿರೆತ್ತಲಿಲ್ಲ.

"ಏ ಶಿದ್ಲಿಂಗಪ್ಪಾ," ಅಂದರು ಅಧ್ಯಕ್ಷರು, "ಮಂದಿನೂ ಹಿಂಗ ಇದ್ರ ಎಷ್ಟ ಚಲೋ ಆಗತಿತ್ತೋ! ಇದು ನನಗ ಬೇಕು ನೋಡು. ಗೇಟಿನಾಗ ಕಟ್ಟತೇನಿ. ಬಂದ ಮಂದಿ ನೋಡಿ ಕಲೀಲಿ."

"ಅದಕ್ಕೇನ್ರಿ, ನಿಮ್ದ ಅನ್ಕೋರಿ. ಒಯ್ರಿ."

ನಾನು ಅಣ್ಣನ ಹತ್ತಿರ ಹೋದೆ. "ಅಣ್ಣಾ, ಅದು ಗುರ್ ಅನ್ನಲಿಲ್ಲಲ್ಲ? ಪಾಸಾತಲ್ಲ?"

"ಪಾಸಾತು. ಅದಕ್ಕ ಕೊಡಾಕತ್ತೇನಿ. ನಾಪಾಸಾಗಿದ್ರ ಇವರು ಕೇಳ್ತಿದ್ರೇನು?" ಎಂದವನೇ ಜಾಣನ ಕಡೆ ತಿರುಗಿ ಜೀಪು ತೋರಿಸಿದ. "ಹತ್ತು!"

ಜಾಣ ಹತ್ತಿತು. "ಕುಂದರು!" ಕೂತಿತು. ಡ್ರೈವರು ಕೊರಳಿಗೆ ಹಗ್ಗ ಹಾಕಿ ಸೀಟಿನ ಕಂಬಿಗೆ ಬಿಗಿದ. ಅದು ನನ್ನ ಕಡೆ ನೋಡಿತು. ಕರೆಯಲಿಲ್ಲ, ಕುಂಯ್‌ಗುಡಲಿಲ್ಲ. ಮುಂದೇನು ಮಾಡಲಿ ಅಂತ ಕೇಳುವ ಹಾಗೆ ನೋಡಿತು.

"ಕೊಡಂಗಿಲ್ಲ!"

ಆ ದನಿ ಯಾರದು ಅಂತ ನಾನೇ ತಿರುಗಿ ನೋಡಬೇಕೆನ್ನುವಷ್ಟು ಜೋರಾಗಿತ್ತು. ಸಾಲಿನಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು.

"ಯಾರ್ರೀ ಇವರು?" ಅಂದರು ಅಧ್ಯಕ್ಷರು.

"ಸವಿತಾ ಅಂತ. ಕವಿತಾ ಅಲ್ಲ. ಅದು ನನ್ನ ನಾಯಿ, ಕೊಡಂಗಿಲ್ಲ."

"ಏ ಸವಿತಾ, ಸುಮ್ನಿರು" ಅಂತ ಅಣ್ಣ ಹಲ್ಲು ಕಡಿದ. "ದೊಡ್ಡೋರ ಮುಂದ..."

"ಇರಂಗಿಲ್ಲೋ ಅಣ್ಣಾ. ಅರವತ್ತು ವರ್ಷ ಇದ್ದೆ, ಸಾಕಾತು."

ಜೀಪಿಗೆ ಕೈ ಹಾಕಿ ಹಗ್ಗ ಬಿಚ್ಚಿದೆ. "ಇಳಿ" ಅನ್ನಬಹುದಿತ್ತು, ಅಂದಿದ್ದರೆ ಇಳಿಯುತ್ತಿತ್ತು. ಇನ್ನೊಂದು ಹುಕುಂ ಕೊಡಲು ನನಗೆ ಬಾಯಿ ಬರಲಿಲ್ಲ. ಎರಡೂ ತೋಳಿನಲ್ಲಿ ಬಾಚಿ ಎತ್ತಿಕೊಂಡೆ. ಇಪ್ಪತ್ತು ಕಿಲೋಕ್ಕೂ ಮೇಲೆ, ನನ್ನ ಸೊಂಟ ಲಟಕ್ಕೆಂದಿತು. ಎತ್ತಿಕೊಂಡಾಗ ಗೊತ್ತಾಯಿತು, ಜಾಣ ಮೈಯೆಲ್ಲ ಗಡಗಡ ನಡುಗುತ್ತಿತ್ತು. ಹೊರಗೆ ಕಲ್ಲಿನ ಹಾಗೆ ಕೂತಿತ್ತು, ಒಳಗೆ ನಡುಗುತ್ತಿತ್ತು. ಒಂಬತ್ತು ವರ್ಷ ಅದನ್ನು ಜಾಣ, ಜಾಣ ಅಂತ ಕರೆದಿದ್ದೆ. ಹೆದರಿಕೆ ಇದ್ದೀತು ಅಂತ ಒಂದು ದಿನವೂ ಮೈ ಮುಟ್ಟಿ ನೋಡಿರಲಿಲ್ಲ. ನಮ್ಮ ಮನೆಯಲ್ಲಿ ನನ್ನನ್ನೂ ಎಲ್ಲರೂ ಜಾಣಿ ಅನ್ನುತ್ತಿದ್ದರು. ಅಳು ಬಂತು, ಅಲ್ಲೇ ಅತ್ತೆ, ಅಳುತ್ತಲೇ ಜನರ ಕಡೆ ತಿರುಗಿ ಕೂಗಿದೆ.

"ಔಷಧ ಇಲ್ರೋ! ಹಿಂದೂ ಇರಲಿಲ್ಲ, ಮುಂದೂ ಬರಂಗಿಲ್ಲ. ಇವರ ಕೈಯಾಗಿರೋದು ಪೆನ್ನು! ನಿಮ್ಮ ನಾಯಿ ಬೊಗಳ್ತಾವಲ್ಲ, ಪುಣ್ಯಾ ಮಾಡೀರಿ, ಮನೀಗೆ ಕರಕೊಂಡು ಹೋಗ್ರಿ!"

ಅಡಿವೆವ್ವ ಅಧ್ಯಕ್ಷರ ಕೈಯಿಂದ ಪೆನ್ನು ಕಿತ್ತುಕೊಂಡು ಎಲ್ಲರಿಗೂ ಎತ್ತಿ ತೋರಿಸಿದಳು. ಆಮೇಲೆ ತನ್ನ ಕರಿಯ ನಾಯಿಯ ಹಗ್ಗ ಬಿಟ್ಟಳು. ಕೈತಪ್ಪಿ ಬಿಟ್ಟಿತು ಅಂತ ಆಮೇಲೆ ಹೇಳಿದಳಂತೆ. ಅದನ್ನು ನೋಡಿ ಉಳಿದವರ ಕೈಗಳೂ ತಪ್ಪಿದವು. ಅಧ್ಯಕ್ಷರು ಒಂದೇ ಚಪ್ಪಲಿಯಲ್ಲಿ ಜೀಪು ಹತ್ತಿದರು. ನಾಯಿಗಳು ಆಡೂರಿನ ರಸ್ತೆಯವರೆಗೂ ಬೊಗಳಿಕೊಂಡು ಬೆನ್ನು ಹತ್ತಿದವು.

ದಂಡೆ ಖಾಲಿಯಾಯಿತು. ಅಣ್ಣ ಫ್ಲೆಕ್ಸಿನ ಕೆಳಗೆ ನಿಂತಿದ್ದ. ಮುಖದಲ್ಲಿ ರಕ್ತವಿರಲಿಲ್ಲ. "ನನ್ನ ಬಾಳೇವು ಹಾಳು ಮಾಡಿದಿ. ಇನ್ನ ಮನೀಗೆ ಬರಬ್ಯಾಡ."

"ಒಂದ ಸರ್ತಿ ಬರ್ತೇನಿ. ನನ್ನ ಟ್ರಂಕ್ ಐತಿ."

ಅವನು ಕೆಟ್ಟವನಲ್ಲ, ಅಪ್ಪ ಸತ್ತಾಗ ನನ್ನ ಕೈ ಹಿಡಿದುಕೊಂಡು ಅತ್ತವನು. ಆದರೆ ಜಾಣನನ್ನು ಕೆಳಗಿಳಿಸಲು ನನ್ನ ಕೈ ಒಪ್ಪಲಿಲ್ಲ.

ಮುಸ್ತಾಕನ ಟೆಂಪೋ ಬಂತು. ಅಣ್ಣ ಹತ್ತಲಿಲ್ಲ, ಕುರ್ಚಿ ಹೊತ್ತುಕೊಂಡು ಬಸ್ಸಿನ ದಾರಿ ಹಿಡಿದ. ನಾವು ಮೂವರು ಸವಣೂರಿನ ಕಡೆ ಹೊರಟು ಬಂಕಾಪುರ ದಾಟಿದೆವು. ಆಮೇಲೆ ಫರ್ಜಾನಾ ಅಂದಳು, "ಸಿಸ್ಟರ್, ನಮ್ಮ ಪೆಂಡಾಲ್ ಗೋಡೌನಿನ ಮ್ಯಾಲ ಒಂದು ಖೋಲಿ ಐತಿ, ನೀವು ಇರ್ರಿ. ಆದ್ರ ಇದನ್ನ ನಮ್ಮ ಮನಿಯೊಳಗ ತರಬ್ಯಾಡ್ರಿ, ಅತ್ತಿ ನಮಾಜ ಮಾಡ್ತಾರ. ಗೋಡೌನಿನಾಗ ಇರ್ಲಿ." ನೇರ ಮಾತಿನವಳು. ಅದಕ್ಕೇ ಅವಳ ಮೇಲೆ ನನಗೆ ಜೀವ.

ಸವಣೂರು ಮುಟ್ಟಿದಾಗ ಬಿಸಿಲು ಇಳಿದಿತ್ತು. ಮುಸ್ತಾಕ ಗೋಡೌನಿನ ಶಟರು ಎತ್ತಿದ. ಜಾಣ ಬಾಗಿಲ ಹೊರಗೆ ಕೂತು ನನ್ನ ಮುಖ ನೋಡಿತು. ಬಾ ಅಂದರೆ ಬರುವುದು, ಇರು ಅಂದರೆ ಇರುವುದು. ನಾನು ಏನೂ ಅನ್ನಲಿಲ್ಲ. ಮೆಟ್ಟಿಲ ಮೇಲೆ ಅದರ ಪಕ್ಕ ಕೂತೆ. ಫರ್ಜಾನಾ ಚಹಾ ತಂದಳು, ಕುಡಿದೆ. ಇನ್ನೊಂದು ಕಪ್ಪು ಕುಡಿದೆ. ಜಾಣ ಒಳಗೆ ನೋಡಿತು, ನನ್ನನ್ನು ನೋಡಿತು, ಮತ್ತೆ ಒಳಗೆ ನೋಡಿತು. ಕಡೆಗೆ ಎದ್ದು, ಮೈ ಮುರಿದು, ತಾನೇ ನಡೆದು ಹೋಯಿತು. ಮೂಲೆಯಲ್ಲಿ ಒಗೆದು ಮಡಚಿಟ್ಟಿದ್ದ ಬಿಳಿಯ ಬಟ್ಟೆಯ ರಾಶಿ ಹತ್ತಿ, ಮೂರು ಸುತ್ತು ಸುತ್ತಿ, ಮಣ್ಣಿನ ಕಾಲುಗಳೊಂದಿಗೆ ಉದ್ದಕ್ಕೆ ಬಿದ್ದುಕೊಂಡಿತು.

"ಅಯ್ಯಯ್ಯೋ ಸಿಸ್ಟರ್!" ಮುಸ್ತಾಕ ಕೂಗಿದ. "ಅದು ನಾಳಿನ ಲಗ್ನದ ಪೆಂಡಾಲ್ರಿ! ಎಬ್ಬಸ್ರಿ ಅದನ್ನ!"

"ನಾ ತೊಳದು ಕೊಡ್ತೇನಿ" ಅಂದೆ. ಎಬ್ಬಿಸಲಿಲ್ಲ.